ಬೆಲ್ಟ್ ಎತ್ತಿ ತೋರಸ್ರಿ

ದಾನಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಇಂಡಿ ಕಡೆಯಿಂದ ನಾಸಿಕ್‌ಗೆ ಬಂದು ಹದಿನೆಂಟು ವರ್ಷ ಇಟ್ಟಂಗಿ ಹೊತ್ತವಳು. ಮೂರು ಭಾಷೆ ಬರುತ್ತದೆಂದು ಕಟ್ಟಡ ಕಂಪನಿಯವರು ಅವಳನ್ನು ಸುರಕ್ಷತಾ ವಿಭಾಗಕ್ಕೆ ಹಾಕಿದ್ದರು. ದಿನಾ ಬೆಳಿಗ್ಗೆ ಆಫೀಸಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಸಂಭಾಜಿನಗರದ ಸೈಟಿನಲ್ಲಿ ದುಡಿಯುವ ತನ್ನ ಊರ ಕಡೆಯ ಕೂಲಿಗಳಿಗೆ ಆನ್‌ಲೈನಿನಲ್ಲಿ ಪಾಠ ಹೇಳುವುದು ಅವಳ ಕೆಲಸ.

ಪಾಠವೋ, ಅದರ ಚಂದವೋ! ಇಪ್ಪತ್ತೆಂಟು ಸ್ಲೈಡು, ಎಲ್ಲ ಇಂಗ್ಲಿಷಿನಲ್ಲಿ. ಅತ್ತ ಮೇಸ್ತ್ರಿ ಪರಮೇಶ್ವರ ತನ್ನ ಮೊಬೈಲನ್ನು ಸಿಮೆಂಟ್ ಚೀಲಕ್ಕೆ ಒರಗಿಸಿಟ್ಟು ಬೀಡಿ ಸೇದಲು ಹೋಗುತ್ತಿದ್ದ. ಇಪ್ಪತ್ತೆರಡು ಜನ ಅದರ ಮುಂದೆ ಕೂತು ಆಕಳಿಸುತ್ತಿದ್ದರು. ಕೊನೆಗೊಂದು ಫೋಟೋ, ಅಲ್ಲಿಗೆ ಹಾಜರಿ ಮುಗಿಯಿತು. ಹೋದ ತಿಂಗಳು ತುಕಾರಾಮ ಮೂರನೇ ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಆ ದಿನದ ಫೋಟೋದಲ್ಲೂ ಅವನಿದ್ದ.

ಗಾಯದ ಮೇಲೆ ಬರೆ ಎಳೆದಂತೆ ಮೇಲಧಿಕಾರಿ ಯಶವಂತ ಬಂದು ಮರಾಠಿಯಲ್ಲಿ ಉಪದೇಶ ಮಾಡಿದ: ನಿಮ್ಮ ಪಾಠ ಸಪ್ಪೆ, ಕಾರ್ಟೂನ್ ಹಾಕಿ, ಪ್ರಶ್ನೆ ಕೇಳಿ, ಜನ ಕೈಯೆತ್ತುವಂತೆ ಮಾಡಿ. ದಾನಮ್ಮನ ಮೈಯೆಲ್ಲ ಉರಿಯಿತು. ಆಳು ಬಿದ್ದದ್ದು ಅವಳ ಬಾಯಿಯ ತಪ್ಪಂತೆ! ಆಗಲಿ, ಪ್ರಶ್ನೆ ತಾನೇ, ಕೇಳೋಣ ಎಂದು ಹಲ್ಲು ಕಚ್ಚಿದಳು.

ಮರುದಿನ ಅವಳು ಸ್ಲೈಡು ತೆರೆಯಲೇ ಇಲ್ಲ. ಯಶವಂತ ಪಕ್ಕದಲ್ಲೇ ಕೂತಿದ್ದ.

"ಚನಬಸವ್ವಾ, ನಿನ್ನಿ ಎಷ್ಟನೇ ಮಾಳಿಗಿ ಮ್ಯಾಲ ಇದ್ದಿ?"

ಹೆಸರು ಹಿಡಿದು ಕರೆದದ್ದಕ್ಕೆ ಪರದೆಯಲ್ಲಿ ಆ ಹೆಂಗಸು ಗಡಬಡಿಸಿ ಎದ್ದು ನಿಂತಳು. "ಐದನೇದ್ರಿ, ಅಕ್ಕಾರ."

"ಎಲ್ಲಾರೂ ನಿಮ್ಮ ನಿಮ್ಮ ಸೇಫ್ಟಿ ಬೆಲ್ಟ್ ಎತ್ತಿ ತೋರಸ್ರಿ."

ಆಕಳಿಕೆ ನಿಂತಿತು. ಮೂರು ಬೆಲ್ಟ್ ಮೇಲೆದ್ದವು. ಅದರಲ್ಲೂ ಒಂದಕ್ಕೆ ಕೊಂಡಿ ಇರಲಿಲ್ಲ.

"ಉಳಿದವು ಎಲ್ಲಿ?"

"ಸಾಹೇಬ್ರು ನೋಡಾಕ ಬರೋ ದಿನ ಅಷ್ಟ ತರಸ್ತಾರ್ರಿ," ಎಂದಳು ಚನಬಸವ್ವ.

ಯಶವಂತನಿಗೆ ಕನ್ನಡ ಬಾರದು, ಆದರೆ ಕಣ್ಣಿತ್ತು. ಅವನು ಲ್ಯಾಪ್‌ಟಾಪ್ ಮುಚ್ಚಲು ಕೈ ಹಾಕಿದ. ದಾನಮ್ಮ ಆ ಕೈಯನ್ನು ತಳ್ಳಿ ಕೂಗಿದಳು: "ಬೆಲ್ಟ್ ಬರೂತನಕ ಒಬ್ಬರೂ ಮ್ಯಾಲ ಹತ್ತಬ್ಯಾಡ್ರಿ! ಕೇಳಿದ್ರ ದಾನಮ್ಮ ಹೇಳ್ಯಾಳಂತ ಹೇಳ್ರಿ!"

ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದು ಯಶವಂತ ಅಬ್ಬರಿಸುತ್ತಿರುವಾಗಲೇ ಅವನ ಫೋನ್ ರಿಂಗಾಯಿತು. ಆ ಕಡೆಯಿಂದ ಪರಮೇಶ್ವರ ಗೋಗರೆಯುವುದು ದಾನಮ್ಮನಿಗೂ ಕೇಳಿಸಿತು. ಇಪ್ಪತ್ತೆರಡು ಜನವೂ ನೆಲಕ್ಕೆ ಕೂತುಬಿಟ್ಟಿದ್ದಾರೆ, ಯಾರೂ ಏಳುತ್ತಿಲ್ಲ.

ದಾನಮ್ಮ ಚೀಲ ಎತ್ತಿಕೊಂಡು ಹೊರಬಿದ್ದಳು. ಕೆಲಸ ಹೋದದ್ದಕ್ಕೆ ಅವಳಿಗೆ ಅಳು ಬರಲಿಲ್ಲ. ಬೆಲ್ಟ್ ಎಲ್ಲಿ ಎಂಬ ಆ ಒಂದು ಪ್ರಶ್ನೆಯನ್ನು ತಾನು ಹೋದ ತಿಂಗಳೇ ಕೇಳಿದ್ದರೆ ತುಕಾರಾಮ ಇವತ್ತು ಎದ್ದು ಓಡಾಡುತ್ತಿದ್ದ. ಈ ಸಿಟ್ಟನ್ನು ಯಾರ ಮೇಲೆ ತೀರಿಸಲಿ ಎಂದು ಅವಳು ರಸ್ತೆಯಲ್ಲೇ ನಿಂತು ಅತ್ತಳು.