ಮಧ್ಯಾಹ್ನದ ಧಾರಾವಾಹಿಯ ಅಕ್ಕೋರು

ಮೊನ್ನೆ ಗಜೇಂದ್ರಗಡದಿಂದ ಬಂದ ತಮ್ಮ ನನಗೊಂದು ಸೀರೆ ತಂದುಕೊಟ್ಟ. ಮಡಿಕೆ ಬಿಡಿಸಿದ ಕೂಡಲೇ ಗಂಜಿಯ ವಾಸನೆ ಬಂತು. ಮಗ್ಗದಿಂದ ಇಳಿದು ಇನ್ನೂ ನೀರು ಕಾಣದ ಬಟ್ಟೆಯ ವಾಸನೆ. ಅದರ ನಡುವೆಯೇ ಹುಟ್ಟಿ ಬೆಳೆದವಳು ನಾನು. ಆದರೂ ನೆನಪಾದದ್ದು ತವರುಮನೆಯಲ್ಲ. ಇಂಥದೇ ಸೀರೆಯೊಂದನ್ನು ಮೂಗಿಗೆ ಹಿಡಿದು, “ಇದನ್ನ ಟೀವ್ಯಾಗ ತೋರಸಾಕ ಬರೂದಿಲ್ಲಲ್ರಿ” ಎಂದು ನಕ್ಕಿದ್ದ ಅಕ್ಕೋರು...

ಅವರೇನೂ ಶಾಲೆಯ ಅಕ್ಕೋರಲ್ಲ, ಟೀವಿ ಧಾರಾವಾಹಿಗಳ ನಿರ್ಮಾಪಕಿ. ಹೆಸರು ಹಿಡಿದು ಕರೆಯಲು ಬಾಯಿ ಬಾರದೆ ನಮ್ಮ ಓಣಿಯವರು ಹಾಗೆ ಕರೆದರು, ಅದೇ ನಿಂತಿತು. ಹೊಳೆಆಲೂರಿನವರು. ತಂದೆ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಧಾರವಾಡದಲ್ಲಿ ಕಾಲೇಜು ಓದಿ, ರೇಡಿಯೊ ನಾಟಕಗಳಲ್ಲಿ ಪಾತ್ರ ಮಾಡಿ, ನಟಿಯಾಗಬೇಕೆಂದು ಬೆಂಗಳೂರಿಗೆ ಹೋದರಂತೆ. ಅಲ್ಲಿ ಅವರ ಮಾತು ಕೇಳಿದವರೆಲ್ಲ ಮನೆಗೆಲಸದವಳ ಪಾತ್ರ ಕೊಟ್ಟರು, ಇಲ್ಲವೇ ನಗಿಸುವ ಪಾತ್ರ ಕೊಟ್ಟರು. ಎರಡು ವರ್ಷ ನಗಿಸಿ ಸಾಕಾಗಿ ಕ್ಯಾಮೆರಾದ ಹಿಂದಕ್ಕೆ ಸರಿದರು. ಉಡುಪು ನೋಡಿಕೊಂಡರು, ಊಟ ತಿಂಡಿಯ ವ್ಯವಸ್ಥೆ ಮಾಡಿದರು, ಬೇರೆಯವರ ಧಾರಾವಾಹಿಗಳ ಭಾರ ಹೊತ್ತರು. ಬಹಳ ವರ್ಷಗಳ ಮೇಲೆ ತಮ್ಮದೇ ಒಂದು ಧಾರಾವಾಹಿ ಮಾಡುವ ಅವಕಾಶ ಸಿಕ್ಕಾಗ, ನೇಕಾರರ ಮನೆತನದ ಕಥೆ ಹಿಡಿದು ನೇರ ಗಜೇಂದ್ರಗಡಕ್ಕೆ ಬಂದರು. ಚಿತ್ರೀಕರಣಕ್ಕೆ ನಮ್ಮ ಮನೆಯನ್ನೇ ಆರಿಸಿದರು.

ನನಗಾಗ ಇಪ್ಪತ್ತೆರಡು. ಏಳನೆಯ ತರಗತಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವಳು.

ಮೊದಲ ದಿನವೇ ತಕರಾರು. ಅಕ್ಕಪಕ್ಕದ ಮಗ್ಗಗಳ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುತ್ತಿಲ್ಲ, ಓಣಿಯ ಮಗ್ಗಗಳನ್ನೆಲ್ಲ ನಿಲ್ಲಿಸಬೇಕು ಎಂದು ಧ್ವನಿ ಹಿಡಿಯುವವರು ಹಟ ಮಾಡಿದರು. “ಅವರ ಕೆಲಸ ನಿಲ್ಲಿಸಿ ಅವರದ ಕಥಿ ಮಾಡೂದೇನ್ರಿ? ಅವರು ಊಟಕ್ಕ ಎದ್ದಾಗ ಮಾತಿಂದು ತಗೊಳ್ಳೂಣು” ಎಂದರು ಅಕ್ಕೋರು. ಹಾಗೇ ಆಯಿತು.

ನನ್ನಿಂದ ಅವರಿಗೆ ಬೇಕಾಗಿದ್ದುದು ಕೈ ಮಾತ್ರ. ನಾಯಕಿಗೆ ಲಾಳಿ ಎಸೆಯಲು ಬರುತ್ತಿರಲಿಲ್ಲ. ಕೈ ನನ್ನದು, ಮುಖ ಅವಳದು. ಮೂರನೆಯ ದಿನ ಅವಳು ತಾಯಿಯ ಮುಂದೆ “ಯವ್ವಾ, ನನಗ ಈ ಲಗ್ನ ಇಷ್ಟ ಇಲ್ಲ” ಎಂದು ಹೇಳುವುದಿತ್ತು. ಕೇಳುತ್ತ ಕೂತಿದ್ದ ನಾನು ತಡೆಯಲಾರದೆ, “ಅವ್ವಗ ಯಾರೂ ಹಂಗ ಅನ್ನೂದಿಲ್ರಿ” ಎಂದುಬಿಟ್ಟೆ. ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ ಕಣ್ಣು ಕೆಂಪಗೆ ಮಾಡಿದ. ಅಕ್ಕೋರು ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು.

“ಮತ್ತ ಹ್ಯಾಂಗ ಅಂತಾರ್ರಿ? ನೀವ ಹೇಳ್ರಿ.”

ಹುಟ್ಟಿದಾಗಿನಿಂದ ನನ್ನನ್ನು ಹಾಗೆ ‘ರಿ’ ಹಚ್ಚಿ ಮಾತಾಡಿಸಿದವರು ಅವರೇ ಮೊದಲು.

“ಬಾಯಿ ಬಿಟ್ಟು ಬ್ಯಾಡ ಅನ್ನೂದಿಲ್ರಿ,” ಎಂದೆ. “‘ಯವ್ವಾ, ಮಗ್ಗದ ಮ್ಯಾಲ ಹಾಸು ಇನ್ನಾ ಎರಡ ಸೀರಿದು ಉಳದೈತಿ, ಅದನ್ನರ ಮುಗಸ್ತೇನಿ ತಡಿ’ ಅಂತಾರ. ಅವ್ವಗ ತಿಳೀತೈತಿ.”

ಅಕ್ಕೋರು ಬರೆದದ್ದನ್ನು ಹೊಡೆದುಹಾಕಿ, ನಾನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡರು. ಅವತ್ತಿನಿಂದ ಬರೆದ ಮಾತೆಲ್ಲ ಮೊದಲು ನನಗೆ ಓದಿ ಹೇಳುವುದು ರೂಢಿಯಾಯಿತು. ವಾರ ಕಳೆಯುವುದರೊಳಗೆ ನಾಯಕಿಯ ಅಕ್ಕನ ಪಾತ್ರವನ್ನೂ ನನಗೇ ಕೊಟ್ಟರು.

ಸಂಜೆ ಏಳಕ್ಕೆ ಬರುತ್ತದೆ ಎಂದಿದ್ದ ಧಾರಾವಾಹಿ ಕೊನೆಗೆ ಮಧ್ಯಾಹ್ನ ಒಂದೂವರೆಗೆ ಬಂತು. “ಮಧ್ಯಾಹ್ನಾದ್ರ ಹೆಣ್ಣಮಕ್ಕಳು ಆರಾಮ ಕುಂತು ನೋಡ್ತಾರ ಬಿಡ್ರಿ” ಎಂದರು ಅಕ್ಕೋರು ಫೋನಿನಲ್ಲಿ. ಆ ಅರ್ಧ ಗಂಟೆ ಯಾರೂ ಹೇಳದೆಯೇ ಓಣಿಯ ಮಗ್ಗಗಳು ನಿಲ್ಲುತ್ತಿದ್ದವು. ಸಂಭಾಷಣೆ ಎಂಬಲ್ಲಿ ನನ್ನ ಹೆಸರೂ ಇತ್ತು. ಅಪ್ಪನಿಗೆ ಓದು ಬಾರದು. “ಯಾವ್ದ ನಿನ್ನ ಹೆಸರು?” ಎಂದು ಕೇಳಿದ. ನಾನು ಗಾಜಿನ ಮೇಲೆ ಬೆರಳಿಡುವಷ್ಟರಲ್ಲಿ ಹೆಸರು ಸರಿದುಹೋಗಿತ್ತು. ಮರುದಿನ ಅವನು ಊಟ ಬಿಟ್ಟು ಒಂದು ಗಂಟೆಗೇ ಟೀವಿಯ ಮುಂದೆ ಕೂತಿದ್ದ.

ಮೂರು ತಿಂಗಳಿಗೆ ಧಾರಾವಾಹಿ ನಿಂತಿತು. ಅಕ್ಕೋರಿಗೆ ಮತ್ತೆ ತಮ್ಮದೆನ್ನುವಂಥದು ಸಿಗಲಿಲ್ಲ. ಪುನಃ ಬೇರೆಯವರಿಗಾಗಿ ದುಡಿದರು, ಕೊನೆಗೆ ಧಾರವಾಡದಲ್ಲಿ ಮನೆ ಮಾಡಿದರು. ನನ್ನ ಕೈ ಮಾತ್ರ ಬಿಡಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿಸಿದರು. ರೋಣದಲ್ಲಿ ನಾನು ಪರೀಕ್ಷೆ ಬರೆಯುವಾಗ ತಾವೇ ಬಂದು ಹೊರಗಡೆ ಬೇವಿನ ಗಿಡದ ಕೆಳಗೆ ಕೂತಿದ್ದರು, ಆರೂ ದಿನ... ಬರೆಯಲು ಹಚ್ಚಿದವರೂ ಅವರೇ. ಇವತ್ತು ನರಗುಂದದ ಈ ಮನೆಯಲ್ಲಿ ಕೂತು ಧಾರಾವಾಹಿಗಳಿಗೆ ಮಾತು ಬರೆದು ಬದುಕುತ್ತಿದ್ದೇನೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ, ಅಂದು ಕ್ಯಾಮೆರಾ ಹಿಡಿದಿದ್ದ ಹುಬ್ಬಳ್ಳಿಯವರು ಸಿಕ್ಕರು. ಮಾತಿಗೆ ಮಾತು ಬಂದು, ಆ ಧಾರಾವಾಹಿ ಮಧ್ಯಾಹ್ನಕ್ಕೆ ಹೋಗಬಾರದಿತ್ತು ಎಂದೆ.

“ನಿಮಗ ಖರೇನ ಗೊತ್ತಿಲ್ಲೇನ್ರಿ?” ಎಂದರು ಅವರು. “ನಿಮ್ಮ ದನಿ ತಗದು ಬೆಂಗಳೂರಿನವರ ಕಡೆ ಹೇಳಸ್ರಿ, ಅಂದ್ರ ಸಂಜಿ ಏಳರ ಹೊತ್ತು ಕೊಡ್ತೀವಿ ಅಂದಿದ್ರು ಚಾನೆಲ್ಲಿನವರು. ಅಕ್ಕೋರು ಒಪ್ಪಲಿಲ್ಲ. ‘ನನ್ನ ದನಿ ನಿಮಗ ನಗಾಕ ಕೊಟ್ಟಾಗೈತಿ, ಆಕೀದು ಕೊಡಂಗಿಲ್ಲ’ ಅಂದು ಎದ್ದ ಬಂದ್ರು.”

ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂತು. ಆದರೆ ಅಂದು ಕೇಳಿದ್ದರೆ ನಾನೇ “ತಗದಬಿಡ್ರಿ” ಎನ್ನುತ್ತಿದ್ದೆ. ಅದು ಗೊತ್ತಿದ್ದೇ ಅವರು ಕೇಳಲಿಲ್ಲವೆಂದು ಕಾಣುತ್ತದೆ. ಅವರಿದ್ದಾಗ ಈ ಒಂದು ಉಪಕಾರವನ್ನು ನೆನೆಯುವ ಭಾಗ್ಯವೂ ನನಗಿರಲಿಲ್ಲ...

ಬರೆದ ಕಂತನ್ನು ಕಳಿಸುವ ಮೊದಲು ಅವರಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದೆ. ಅವರು ಹ್ಞೂಂಗುಡುತ್ತ ಕೇಳಿ, ಎಲ್ಲೋ ಒಂದು ಕಡೆ ಮಾತ್ರ, “ಇದು ಖರೇ ಅನಸವಲ್ದು ನೋಡ್ರಿ” ಎನ್ನುತ್ತಿದ್ದರು. ನಿನ್ನೆ ಒಂದು ಕಂತು ಮುಗಿಯಿತು. ಒಬ್ಬಳೇ ಕೂತು ಗಟ್ಟಿಯಾಗಿ ಓದಿಕೊಂಡೆ. ನಡುವೆ ಒಂದು ಮಾತಿನಲ್ಲಿ ನಾಲಿಗೆ ತಾನಾಗಿಯೇ ತಡೆಯಿತು. ಹೊಡೆದುಹಾಕಿ ಮತ್ತೆ ಬರೆದೆ. ಸರಿಯಾಯಿತೆಂದು ನನಗನಿಸಿತು. ಹೌದೆನ್ನಲು ಅಕ್ಕೋರಿಲ್ಲ.