ಮಾಗಡಿ ಗುಂಪು

ಕನಕಪುರದ ಆಫೀಸಿಗೆ ಸೇರಿದ ಹೊಸದರಲ್ಲಿ, ಇದನ್ನು ಬರೆಯುತ್ತಿರುವ ಗುಮಾಸ್ತನಿಗೆ ಒಂದು ಗುಮಾನಿ ಹುಟ್ಟಿತ್ತು. ಊಟ ಮುಗಿಸಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರೆ ಸಾಕು, ಎದುರಿನ ಕಂಪ್ಯೂಟರಿನ ಪರದೆಯೂ ಮುಚ್ಚಿಕೊಳ್ಳುತ್ತಿತ್ತು. ಪರದೆಯ ನೆತ್ತಿಯಲ್ಲಿದ್ದ ಕ್ಯಾಮೆರಾ ತನ್ನ ನಿದ್ದೆಯನ್ನೇ ಕಾಯುತ್ತಿದೆ ಎಂದುಕೊಂಡ ಆ ಜಾಣ, ಅವ್ವನ ಡಬ್ಬಿಯಿಂದ ಒಂದು ಬೊಟ್ಟು ಕದ್ದು ತಂದು ಅದರ ಕಣ್ಣಿಗೆ ಅಂಟಿಸಿದ. ಆಮೇಲೂ ಪರದೆ ಮುಚ್ಚಿತು. ಇನ್ನೂ ದೊಡ್ಡ ಬೊಟ್ಟು ತಂದ.

ಬೊಟ್ಟು ಕಿತ್ತವಳು ಯಶೋಧಾ. ರಾಮನಗರದ ಮುಖ್ಯ ಆಫೀಸಿನಿಂದ ಆಗಾಗ ಬಸ್ಸಿನಲ್ಲಿ ಬಂದು ಕಂಪ್ಯೂಟರುಗಳನ್ನು ನೋಡಿಹೋಗುತ್ತಿದ್ದವಳು.

"ಇದು ನಿನ್ ನಿದ್ದೆ ನೋಡಲ್ಲ ಕಣಪ್ಪ. ಒಸಿ ಹೊತ್ತು ಯಾರೂ ಮುಟ್ಟದಿದ್ರೆ ಮುಚ್ಕೊ ಅಂತ ನಾನೇ ಹೇಳಿವ್ನಿ, ರಾಮನಗರದಲ್ಲಿ ಕೂತ್ಕಂಡು."

"ನಂಗೊಬ್ಬಂಗಾ ಮೇಡಂ?"

"ನೀನು ಅಷ್ಟು ದೊಡ್ಡ ಮನುಷ್ಯ ಅಲ್ಲ. ಎಲ್ರಿಗೂ."

ಆ ಕೆಲಸ ಅವಳಿಗೆ ಒಂದು ಲೆಕ್ಕದಲ್ಲಿ ಹಳೆಯದೇ. ಅಪ್ಪ ಕಾಡಸಿದ್ದಪ್ಪ ಮಾಗಡಿಯಲ್ಲಿ ಗಿರಣಿ ಇಟ್ಟಿದ್ದರು. ರಾಗಿ ಬೀಸುವುದಕ್ಕೂ ಮೆಣಸಿನಕಾಯಿ ಕುಟ್ಟುವುದಕ್ಕೂ ಒಂದೇ ಮೋಟಾರು, ಒಂದೇ ಉದ್ದನೆಯ ಪಟ್ಟಿ. ಮಗಳು ಅದರ ಹಿಡಿಯ ಪಕ್ಕ ಕೂತು ಪಾಠ ಬರೆಯುತ್ತಿದ್ದಳು. ಅಪ್ಪ ಕೂಗಿದಾಗ ಹಿಡಿ ಎಳೆಯುತ್ತಿದ್ದಳು. ಎಲ್ಲವೂ ಒಟ್ಟಿಗೆ ನಿಲ್ಲುತ್ತಿತ್ತು. ಈಗ ಎಳೆಯುವುದು ಮೌಸು. ರೇಷ್ಮೆ ನೂಲಿನ ಆ ಕಂಪನಿಗೆ ಚನ್ನಪಟ್ಟಣ, ಕನಕಪುರಗಳಲ್ಲೂ ಆಫೀಸುಗಳಿದ್ದವು. ಯಾರು ಪೆನ್‌ಡ್ರೈವ್ ಹಾಕಬಹುದು, ಯಾರು ಪ್ರಿಂಟ್ ತೆಗೆಯಬಹುದು, ಯಾರ ಪಾಸ್‌ವರ್ಡ್ ಯಾವಾಗಿನವರೆಗೆ ನಡೆಯುತ್ತದೆ ಎನ್ನುವುದೆಲ್ಲ ಎಸಿ ಗುಂಯ್‌ಗುಡುವ ಅವಳ ಕಿರುಕೋಣೆಯಲ್ಲೇ ತೀರ್ಮಾನವಾಗುತ್ತಿತ್ತು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಬೇಕಾಗಿರಲಿಲ್ಲ. ಹೆಸರನ್ನು ಒಂದು ಗುಂಪಿಗೆ ಎಳೆದುಹಾಕಿದರೆ, ಬೆಳಗಾಗುವಷ್ಟರಲ್ಲಿ ಆ ಗುಂಪಿನ ಕಟ್ಟಳೆ ಅವರ ಮೇಲೆ ಕೂತಿರುತ್ತಿತ್ತು.

ಮಾಗಡಿಯಲ್ಲೂ ಒಂದು ಆಫೀಸಿತ್ತು. ಮುಚ್ಚುವ ಮುಂಚೆ ಅಲ್ಲಿಯವರಿಗೆಂದು ಒಂದು ಗುಂಪು ಮಾಡಿಸಿದ್ದರು. ಮೊದಲು ಪರದೆಯ ಚಿತ್ರಗಳು ಹೋಗಿ ಕಂಪನಿಯ ಬೂದು ಬಣ್ಣ ಬಂತು. ಆಮೇಲೆ ಪೆನ್‌ಡ್ರೈವ್ ನಿಂತಿತು. ಆಮೇಲೆ ಪ್ರಿಂಟರು. ಒಂದು ಸೋಮವಾರ ಯಾರ ಪಾಸ್‌ವರ್ಡೂ ನಡೆಯಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಸೆಕ್ಯುರಿಟಿಯವರು ನಿಂತಿದ್ದರು. ಆ ಗುಂಪು ಯಶೋಧಾಳ ಪರದೆಯಲ್ಲಿ ಹಾಗೇ ಉಳಿದಿತ್ತು. ಹೆಸರು ಮಾಗಡಿ. ಒಳಗೆ ಯಾರೂ ಇಲ್ಲ.

ಒಂದು ಸಂಜೆ ಮ್ಯಾನೇಜರ್ ಶ್ರೀನಿವಾಸ್ ಕೋಣೆಗೆ ಬಂದು, ಎಸಿ ಸರಿಯಾಗಿದೆಯಾ ಎಂದು ವಿಚಾರಿಸಿ, ಬಾಗಿಲು ಹಾಕಿಕೊಂಡರು.

"ಕನಕಪುರದೋರನ್ನ ಮಾಗಡಿ ಗುಂಪಿಗೆ ಹಾಕ್ಬಿಡಿ."

"ಎಲ್ರನ್ನೂನಾ ಸರ್?"

"ಎಲ್ರನ್ನೂ. ತಿಂಗಳ ಕೊನೇ ಸೋಮವಾರಕ್ಕೆ ಮುಗೀಬೇಕು. ಬಾಯಿ ಬಿಟ್ರೆ ಅದೇ ಗುಂಪಲ್ಲಿ ನಿಮಗೂ ಜಾಗ ಇದೆ."

ಅವಳು ಒಂದೊಂದೇ ಹೆಸರು ಎಳೆದಳು. ಬೊಟ್ಟಿನವನದೂ ಹೋಯಿತು.

ಮಾರನೆಯ ದಿನ ಮಂಗಳವಾರ, ಅಮ್ಮನ ವಾರ. ಕನಕಪುರದ ಪ್ರತಿ ಪರದೆಯ ಮೇಲೂ ಇದ್ದ ಕಬ್ಬಾಳು ಬೆಟ್ಟದ ದೇವತೆ ಕಬ್ಬಾಳಮ್ಮ ಮಾಯವಾಗಿದ್ದಳು. ಉಗ್ರಾಣ ನೋಡಿಕೊಳ್ಳುತ್ತಿದ್ದ ಕೋಡಿಹಳ್ಳಿಯ ಸಿದ್ದರಾಮು ಚಿತ್ರವನ್ನು ಮತ್ತೆ ಹಾಕಿದ. ಮರುದಿನ ಬೆಳಗ್ಗೆ ಮತ್ತೆ ಬೂದು. ರಾಮನಗರದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬಂದದ್ದು ನಮ್ಮ ಗುಮಾಸ್ತನ ಮೇಲೆ. ಸಿದ್ದರಾಮು ಅವನ ಮೇಜಿನ ಮುಂದೆ ಬಂದು ನಿಂತ.

"ಲೇ, ಬಿರಿಯಾನಿ ತಿಂದ ಕೈಲಿ ಕೀಬೋರ್ಡ್ ಮುಟ್ಟಿದ್ಯೇನ್ಲಾ?"

"ಮೊಟ್ಟೆ ಕಣಣ್ಣ. ಬರೀ ಮೊಟ್ಟೆ."

"ಮೊಟ್ಟೆಯೇನು ಗಿಡದಲ್ಲಿ ಬುಡ್ತದಾ?"

ಪೆನ್‌ಡ್ರೈವ್ ನಿಂತಿತು. ಪ್ರಿಂಟರು ನಿಂತಿತು. ಅಮ್ಮ ಮುನಿದಿದ್ದಾಳೆ ಎಂಬುದು ಖಾತ್ರಿಯಾಗಿ, ಸಿದ್ದರಾಮು ತನ್ನ ಕುರಿಮಂದೆಯ ಒಂದು ಮರಿಯನ್ನು ಹರಕೆ ಹೊತ್ತ. ಅವನಿಗೆ ಅಮ್ಮನಿಂದ ಇನ್ನೊಂದು ತೀರ್ಮಾನವೂ ಬೇಕಿತ್ತು. ಚನ್ನಪಟ್ಟಣದ ಹೆದ್ದಾರಿಯ ಗೊಂಬೆ ಅಂಗಡಿಯವರು ಉಗ್ರಾಣದ ಕೆಲಸಕ್ಕೆ ಕರೆದಿದ್ದರು; ಬರುತ್ತೀಯೋ ಇಲ್ಲವೋ, ಭಾನುವಾರದೊಳಗೆ ಹೇಳು, ಆಮೇಲೆ ಬೇರೆಯವರು ಕಾದಿದ್ದಾರೆ ಎಂದಿದ್ದರು.

ಆ ಭಾನುವಾರ, ಕೊನೆಯ ಸೋಮವಾರದ ಹಿಂದಿನ ದಿನ, ಇಡೀ ಆಫೀಸು ಕಬ್ಬಾಳಿನಲ್ಲಿ ಪರಿಚಯದವರ ತೋಟದ ಹುಣಸೆಮರದ ಕೆಳಗೆ ಸೇರಿತು. ಕಂಪ್ಯೂಟರ್ ಡಾಕ್ಟರೂ ಇರಲಿ ಎಂದು ಯಶೋಧಾಳನ್ನು ಕರೆದಿದ್ದರು. ಮಾಂಸ ಮುಟ್ಟದವಳೆಂದು ಅವಳಿಗೆ ಬೇರೆ ಪಾತ್ರೆಯಲ್ಲಿ ಅನ್ನ ಸಾರು ಇಟ್ಟಿದ್ದರು. ಆ ಬೇರೆ ಪಾತ್ರೆಯನ್ನು ನೋಡಲಾಗದೆ ಅವಳು ಬೆಳ್ಳುಳ್ಳಿ ಬಿಡಿಸುತ್ತ ಕೂತಳು. ಬೆಟ್ಟದ ನೆರಳು ತೋಟದವರೆಗೂ ಇಳಿದಿತ್ತು.

ಮರಿಯ ಕೊರಳಿಗೆ ಹೂ ಹಾಕಿ, ಸಿದ್ದರಾಮು ಅದರ ಮೇಲೆ ನೀರು ಚಿಮುಕಿಸಿದ. ಮರಿ ಮೈ ಜಾಡಿಸಿದರೆ ಅಮ್ಮ ಒಪ್ಪಿದಳೆಂದು, ಆಫೀಸು ಉಳಿಯಿತೆಂದು ಲೆಕ್ಕ. ಮರಿ ಸುಮ್ಮನೆ ನಿಂತಿತು. ಮತ್ತೆ ಚಿಮುಕಿಸಿದ. ಜಾಡಿಸಬೇಡ, ಜಾಡಿಸಬೇಡ ಎಂದು ತಾನು ಬೇಡಿಕೊಳ್ಳುತ್ತಿರುವುದು ಯಶೋಧಾಳಿಗೆ ಗೊತ್ತಾಯಿತು. ಅಷ್ಟರಲ್ಲಿ ಮರಿಯ ಕಿವಿಯ ಮೇಲೆ ಒಂದು ನೊಣ ಕೂತಿತು. ಮರಿ ತಲೆಯಿಂದ ಬಾಲದವರೆಗೆ ಜಾಡಿಸಿತು.

"ಆಯ್ತು ಬುಡ್ರಪ್ಪ, ಒಪ್ಪುದ್ಲು," ಎಂದು ಸಿದ್ದರಾಮು ಒದ್ದೆ ಕೈಯನ್ನು ಪಂಚೆಗೆ ಒರೆಸಿ ಫೋನ್ ತೆಗೆದ. "ಇನ್ನು ನಮ್ಮಾಪೀಸ್ಗೆ ಏನೂ ಆಗಕ್ಕಿಲ್ಲ. ಚನ್ನಪಟ್ಟಣದೋರಿಗೆ ಬರಕ್ಕಿಲ್ಲ ಅಂದ್ಬುಡ್ತೀನಿ."

ನಂಬರ್ ಒತ್ತಿ ಕಿವಿಗಿಟ್ಟುಕೊಂಡು, ಆ ಕಡೆ ಗಂಟೆ ಹೊಡೆಯುತ್ತಿರುವಾಗಲೇ ನಗುತ್ತ ಅವಳ ಕಡೆ ತಿರುಗಿದ.

"ಅಂದಂಗೆ ಮೇಡಮ್ಮೋರೆ, ನಮ್ಮಮ್ಮನ್ನ ಪರದೆಯಿಂದ ತೆಗ್ದೋರು ಯಾರು ಅಂತ ನಿಮ್ ಮಿಷನ್ನು ಹೇಳಕ್ಕಿಲ್ವಾ?"

ಬೆಳ್ಳುಳ್ಳಿ ಬಿಡಿಸುತ್ತಿದ್ದ ಕೈ ನಿಂತಿತು.

"ನಾನು," ಎಂದಳು ಯಶೋಧಾ. "ನಾಳೆ ಬೆಳಗ್ಗೆ ನಿಮ್ಮನ್ನೂ ತೆಗೀತೀನಿ. ಅವ್ರು ಫೋನ್ ಎತ್ತುದ್ರೆ ಹೂಂ ಅನ್ನಿ."