ನವಲೂರ ಏರಿನಲ್ಲಿ ಇಳಿಯುವವರು

ನಮ್ಮ ಮಾವನವರು ಕಾರಿನ ಇಂಜಿನ್ ಬದಲಿಸಿದ ವರ್ಷವೇ ನಾನು ಬಿ.ಎ. ಪರೀಕ್ಷೆಗೆ ಫಾರ್ಮು ತುಂಬಿದೆ. ಒಂದಕ್ಕೊಂದು ಏನೇನೂ ಸಂಬಂಧವಿಲ್ಲ ಎಂದುಕೊಂಡಿದ್ದೆ. ಮದುವೆಯಾಗಿ ಹುಬ್ಬಳ್ಳಿಯ ಈ ಹತ್ತಿ ವ್ಯಾಪಾರಿಗಳ ಮನೆಗೆ ಬಂದು ಮೂರು ವರ್ಷವಾಗಿತ್ತು. ಅರ್ಧಕ್ಕೆ ನಿಂತ ಓದನ್ನು ಮನೆಯಲ್ಲೇ ಕೂತು ಮುಗಿಸುತ್ತೇನೆ, ಪರೀಕ್ಷೆಗೆ ಮಾತ್ರ ಧಾರವಾಡಕ್ಕೆ ಹೋಗಿಬರುತ್ತೇನೆ ಎಂದು ಹಟ ಹಿಡಿದು ಕೇಳಿದ್ದೆ. ಮಾವ ಒಂದು ವಾರ ಯೋಚಿಸಿ ಹೂಂ ಅಂದರು. ಜೊತೆಗೆ ಒಂದು ಷರತ್ತು ಹಾಕಿದರು.

“ಬಸ್ಸು ಬ್ಯಾಡ, ರೈಲು ಬ್ಯಾಡ. ನಮ್ಮ ಗಾಡ್ಯಾಗ ಹೋಗೂದು, ನಮ್ಮ ಗಾಡ್ಯಾಗ ಬರೂದು. ನಾನು, ನಿಮ್ಮತ್ತಿ ಇಬ್ಬರೂ ಸಂಗಾಟ ಬರ್ತೇವಿ.”

ಷರತ್ತು ನನಗೆ ಅಷ್ಟೇನೂ ಭಾರವೆನಿಸಲಿಲ್ಲ. ಕಾರಿನಲ್ಲಿ ಹೋಗಿ ಪರೀಕ್ಷೆ ಬರೆಯುವುದೆಂದರೆ ಯಾರಿಗೆ ಬೇಡ?

ಆ ಕಾರು ಅಮೆರಿಕದ್ದು. ಯಾವುದೋ ಗಿರಣಿಯ ಮ್ಯಾನೇಜರ್ ಊರು ಬಿಟ್ಟು ಹೋಗುವಾಗ ಮಾವ ಅದನ್ನು ಕೊಂಡಿದ್ದರು. ಕಪ್ಪು ಬಣ್ಣ, ಮಂಚದಷ್ಟು ಅಗಲದ ಸೀಟು, ಆರು ಸಿಲಿಂಡರಿನ ಇಂಜಿನ್. ಗ್ಯಾಲನ್ ಪೆಟ್ರೋಲಿಗೆ ಹತ್ತು ಮೈಲು ಓಡಿದರೆ ಅವತ್ತು ಅದರ ಮನಸ್ಸು ಚೆನ್ನಾಗಿದೆ ಎಂದರ್ಥ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಮಾವನ ಹೊಟ್ಟೆ ಉರಿಯುತ್ತಿತ್ತು. ಧಾರವಾಡದಿಂದ ಬರುವಾಗ ಇಳಿಜಾರು ಸಿಕ್ಕರೆ ಇಂಜಿನ್ ಬಂದ್ ಮಾಡಿ ಗಾಡಿಯನ್ನು ಹಾಗೆಯೇ ಉರುಳಲು ಬಿಡುತ್ತಿದ್ದರು. ಡ್ರೈವರನ್ನು ಇಟ್ಟುಕೊಳ್ಳಲಿಲ್ಲ, ಯಾಕೆಂದರೆ ಡ್ರೈವರುಗಳ ಕಾಲು ಭಾರ, ಸುಮ್ಮನೆ ಒತ್ತಿ ಪೆಟ್ರೋಲ್ ಕುಡಿಸುತ್ತಾರೆ ಎಂದು ಅವರ ನಂಬಿಕೆ. ರಸ್ತೆಯ ಮೈಲುಗಲ್ಲು ಕಿತ್ತು ಕಿಲೋಮೀಟರಿನ ಕಲ್ಲು ನೆಡುತ್ತಿದ್ದ ಕಾಲ ಅದು. ಮಾವ ಮಾತ್ರ ಮೈಲನ್ನೂ ಬಿಡಲಿಲ್ಲ, ಗ್ಯಾಲನ್ನನ್ನೂ ಬಿಡಲಿಲ್ಲ.

ಗೋಕುಲ ರಸ್ತೆಯ ಕಡೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮಿಸ್ತ್ರಿಯೊಬ್ಬರು ಇದಕ್ಕೆ ಮದ್ದು ಹೇಳಿದರು. ಗಿಡಕ್ಕೆ ಗುದ್ದಿ ಮುಂದಿನ ಮೈ ನಜ್ಜುಗುಜ್ಜಾದ ಸಣ್ಣ ಕಾರೊಂದು ಅವರ ಹತ್ತಿರ ಬಿದ್ದಿತ್ತು. ಅದರ ಇಂಜಿನ್ ಗಟ್ಟಿಯಾಗಿತ್ತು. ಅದನ್ನೇ ಗೇರ್ ಪೆಟ್ಟಿಗೆಯ ಸಮೇತ ನಮ್ಮ ಗಾಡಿಗೆ ಕೂಡಿಸುವುದು ಎಂದಾಯಿತು. ಶೆಡ್ಡಿನ ಮುಂದಿನ ಬೇವಿನ ಗಿಡಕ್ಕೆ ಸರಪಳಿ ಕಟ್ಟಿ ಹಳೆಯ ಇಂಜಿನ್ ಎತ್ತಿದರು. ಹೊಸದು ಕೂರಲು ಕಬ್ಬಿಣದ ಪಟ್ಟಿ ಬಡಿದು ಜೋಡಿಸಿದರು, ಹಿಂದಿನ ಗಾಲಿಗೆ ಹೋಗುವ ಶಾಫ್ಟು ಗಿಡ್ಡವಾಯಿತೆಂದು ತುಂಡು ಬೆಸೆದು ಉದ್ದ ಮಾಡಿದರು. ಮೂರು ವಾರ ಹಿಡಿಯಿತು. ಗಾಡಿ ಮನೆಗೆ ಬಂದ ದಿನ ಮಿಸ್ತ್ರಿ ಬಾನೆಟ್ ಎತ್ತಿ ತೋರಿಸಿದರು. ದೊಡ್ಡ ತೊಟ್ಟಿಲಲ್ಲಿ ತಿಂಗಳ ಕೂಸು ಮಲಗಿಸಿದ ಹಾಗಿತ್ತು.

ಅತ್ತೆ ಬಗ್ಗಿ ನೋಡಿ, “ಇಷ್ಟು ಜಾಗಾ ಉಳದೈತಲ್ರಿ, ಇಲ್ಲೊಂದು ಜ್ವಾಳದ ಚೀಲಾ ಇಡಬಹುದು” ಅಂದರು.

ಮಿಸ್ತ್ರಿ ನಕ್ಕರು. ಆಮೇಲೆ ಮಾವನ ಕಡೆ ತಿರುಗಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: “ಬಯಲಾಗ ಛಲೋ ಓಡತೈತ್ರಿ ಸಾವ್ಕಾರ್ರ. ಏರಿನ್ಯಾಗ ಮಾತ್ರ ಭಾರ ಕಡಿಮಿ ಇರ್ಲಿ. ಇಂಜಿನ್ ಸಣ್ಣದೈತಿ, ಮೈ ದೊಡ್ಡದೈತಿ.”

ಮಾವ ಮೊದಲ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡರು. ಗದಗಿನ ದಾರಿಯ ಸಪಾಟು ರಸ್ತೆಯಲ್ಲಿ ಗಾಡಿಯ ಪರೀಕ್ಷೆ ನಡೆಯಿತು. ಅಳತೆ ಮಾಡಿದ ಪೆಟ್ರೋಲನ್ನು ಬಾಟಲಿಗೆ ಹಾಕಿ, ರಬ್ಬರ್ ನಳಿಗೆಯಿಂದ ಇಂಜಿನ್ನಿಗೆ ಜೋಡಿಸಿ, ಗಾಡಿ ತಾನಾಗಿ ನಿಲ್ಲುವವರೆಗೂ ಓಡಿಸಿದರು. ಒಳಗೆ ಇದ್ದವರು ಮಾವ ಮತ್ತು ಮಿಸ್ತ್ರಿ ಇಬ್ಬರೇ, ಇಬ್ಬರೂ ಸಣಕಲು. ಗ್ಯಾಲನ್ನಿಗೆ ಇಪ್ಪತ್ತೆರಡು ಮೈಲು ಎಂದು ಲೆಕ್ಕ ಬಂತು. ಮಾವ ಅದನ್ನು ಹೇಳದೆ ಬಿಟ್ಟ ಮನುಷ್ಯನಿಲ್ಲ. ಕ್ಷೌರದವನಿಗೆ, ಹಾಲಿನವನಿಗೆ, ಲಗ್ನಪತ್ರಿಕೆ ಕೊಡಲು ಬಂದವರಿಗೂ ಹೇಳಿದರು.

ಮಾರ್ಚ್ ತಿಂಗಳಲ್ಲಿ ನನ್ನ ಮೊದಲ ಪೇಪರು. ಮಾವ ಸ್ಟೇರಿಂಗ್ ಹಿಡಿದರು, ನಾನೂ ಅತ್ತೆಯೂ ಹಿಂದೆ ಕೂತೆವು. ಮುಂದಿನ ಸೀಟಿನ ಕೆಳಗೆ ಧಾರವಾಡದ ಬೀಗರಿಗೆಂದು ಒಂದು ಶೇಂಗಾ ಚೀಲ ಬೇರೆ. ಹೇಗೂ ಹೋಗುತ್ತೇವಲ್ಲ ಎಂದು ಮಾವ ಅದನ್ನು ಹೇರಿಸಿದ್ದರು. ಉಣಕಲ್ಲು ದಾಟಿ ಬಯಲಿನಲ್ಲಿ ಗಾಡಿ ಸುಖವಾಗಿ ಓಡಿತು. ನವಲೂರಿನ ಏರು ಶುರುವಾದ ಮೇಲೆ ಅದರ ದನಿ ಬದಲಾಯಿತು. ಗೊರಗೊರ ಅಂದಿತು, ಏದುಸಿರು ಬಿಟ್ಟಿತು, ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ. ಅರ್ಧ ಏರಿನಲ್ಲಿ ಗಾಡಿ ನಿಂತೇ ಬಿಟ್ಟಿತು. ಮಾವ ಬ್ರೇಕು ಒತ್ತಿ ಹಿಡಿದು ಹಿಂದಕ್ಕೆ ತಿರುಗಿದರು.

“ಯವ್ವಾ, ಒಂದೀಟು ಇಳೀತೀ ಏನ? ಭಾರ ಕಡಿಮಿ ಆದ್ರ ಏರತೈತಿ.”

ನಾನು ಇಳಿದೆ. ಇನ್ಯಾರು ಇಳಿಯಬೇಕು? ಅತ್ತೆಗೆ ಮೊಣಕಾಲು ನೋವು. ಮಾವ ನಡೆಸುವವರು. ಶೇಂಗಾ ಚೀಲಕ್ಕೆ ಕಾಲಿಲ್ಲ. ಗಾಡಿ ಹಿಂದಕ್ಕೆ ಜಾರಿ, ಮತ್ತೆ ಓಟ ತೆಗೆದುಕೊಂಡು ಏರಿ ಹೋಯಿತು. ನಾನು ಕೈಯಲ್ಲಿ ಪೆನ್ನು, ಹಾಲ್ ಟಿಕೀಟು ಹಿಡಿದು ಅದರ ಧೂಳಿನಲ್ಲಿ ನಡೆದೆ. ರಸ್ತೆಯ ಮಗ್ಗುಲಿಗೆ ಹಂಗಾಮಿನ ಕೊನೆಯ ಪೇರಲ ಹಣ್ಣು ಮಾರುತ್ತ ಕೂತ ಹೆಂಗಸರು, “ಗಾಡಿ ಕೆಟ್ಟೈತೇನವ್ವಾ?” ಎಂದು ಕೇಳಿದರು. ಇಲ್ಲ, ಸುಧಾರಿಸಿದೆ ಎಂದು ಹೇಳಬೇಕೆನಿಸಿತು.

ಹೀಗೆ ಪ್ರತಿ ಪೇಪರಿಗೂ ಆಯಿತು. ಮೂರನೆಯ ದಿನದಿಂದ ಮಾವ ಕೇಳುವುದನ್ನೂ ಬಿಟ್ಟರು. ಏರಿನ ಬುಡದಲ್ಲಿ ಗಾಡಿ ನಿಲ್ಲುತ್ತಿತ್ತು, ನಾನು ಇಳಿಯುತ್ತಿದ್ದೆ. ಬೆವರಿನಲ್ಲಿ ತೊಯ್ದು ಪರೀಕ್ಷೆಯ ಕೋಣೆಗೆ ಹೋಗಿ ಕೂತರೆ ಓದಿದ್ದೆಲ್ಲ ನೆನಪಿಗೆ ಬರಲು ಕಾಲು ಗಂಟೆ ಬೇಕಾಗುತ್ತಿತ್ತು. ಮನೆಗೆ ಬಂದವರ ಮುಂದೆ ಮಾವ ಇಪ್ಪತ್ತೆರಡು ಮೈಲು ಅಂದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದರಲ್ಲಿ ಅರ್ಧ ಮೈಲು ನಾನು ನಡೆದದ್ದು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಕೊನೆಯ ಪೇಪರಿನ ದಿನ ನಾನು ಇಳಿದರೂ ಗಾಡಿ ಏರಲಿಲ್ಲ. ನಡುವೆಯೇ ರೇಡಿಯೇಟರ್ ಕುದಿದು ಹಬೆ ಎದ್ದಿತು. ತಣ್ಣಗಾಗುವವರೆಗೆ ಕಾಯ್ದು, ಪೇರಲ ಹಣ್ಣಿನವರಿಂದ ಕೊಡ ನೀರು ಇಸಿದುಕೊಂಡು ಹಾಕಿ, ಕಾಲೇಜು ಮುಟ್ಟುವುದರಲ್ಲಿ ಗಂಟೆ ಬಾರಿಸಿ ಮುಕ್ಕಾಲು ತಾಸು ಆಗಿತ್ತು. ಅರ್ಧ ತಾಸಿನ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಅಂದರು. ಮಾವ ಬಾಗಿಲಲ್ಲಿ ನಿಂತು ಎಷ್ಟು ಬೇಡಿಕೊಂಡರೂ ಆಗಲಿಲ್ಲ. ಒಂದು ಪೇಪರು ತಪ್ಪಿದರೆ ಮುಂದಿನ ವರ್ಷ ಎಲ್ಲ ಪೇಪರುಗಳನ್ನೂ ಮತ್ತೆ ಬರೆಯಬೇಕೆಂಬುದು ಆಗಿನ ನಿಯಮ. ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತು ಹುಬ್ಬಳ್ಳಿಯವರೆಗೂ ಅಳುತ್ತ ಬಂದೆ.

“ಮುಂದಿನ ವರ್ಷ ಇನ್ನೊಮ್ಮೆ ಕೂಡು. ಆದ್ರ ಅದ ಕಡೀದು” ಅಂದರು ಮಾವ. ದನಿಯಲ್ಲಿ ಸಿಟ್ಟಿರಲಿಲ್ಲ, ತಪ್ಪು ಮಾಡಿದ ಭಾವನೆಯೂ ಇರಲಿಲ್ಲ. ಓದು, ಪರೀಕ್ಷೆ ಎಂದು ಮನೆಯ ಹೆಣ್ಣುಮಗಳು ಎಷ್ಟು ವರ್ಷ ಅಲೆಯಬೇಕು ಎಂಬುದಷ್ಟೇ ಅವರ ಚಿಂತೆ.

ನಮ್ಮ ಮನೆಯವರು ಅಂಗಡಿಯಿಂದ ಬಂದಾಗ ಅವರ ಮೇಲೆ ಹರಿಹಾಯ್ದೆ. ಅವರು ಒಳ್ಳೆಯವರು, ಆದರೆ ತಂದೆಯ ಎದುರು ತುಟಿ ಎರಡು ಮಾಡುವವರಲ್ಲ.

“ಅಪ್ಪಾಗ ನಾ ಹೆಂಗ ಹೇಳ್ಲಿ?” ಅಂದರು.

“ನೀವೇನೂ ಹೇಳೂದು ಬ್ಯಾಡ್ರಿ. ನನಗ ಗಾಡಿ ಹೊಡ್ಯಾಕ ಕಲಸ್ರಿ” ಅಂದೆ. ಸ್ಟೇರಿಂಗ್ ಹಿಡಿದವರನ್ನು ಏರಿನಲ್ಲಿ ಯಾರೂ ಇಳಿ ಅನ್ನುವುದಿಲ್ಲ ಎಂಬುದು ನನಗೆ ಅಷ್ಟರಲ್ಲಿ ಪೂರ್ತಿ ತಿಳಿದಿತ್ತು.

ಹತ್ತಿಯ ಹಂಗಾಮು ಮುಗಿದು ಹತ್ತಿ ಬೀಜ ಬಿಡಿಸುವ ಜಿನ್ನಿಂಗ್ ಗಿರಣಿಯ ಅಂಗಳ ಖಾಲಿ ಬಿದ್ದಾಗ ಅಲ್ಲಿಯೇ ಕಲಿತೆ. ಮಾವ ಊಟ ಮಾಡಿ ಅಡ್ಡಾದರೆ ನಾವು ಗಾಡಿ ಹೊರಗೆ ತೆಗೆಯುತ್ತಿದ್ದೆವು. ಅತ್ತೆಗೆ ಗೊತ್ತಿತ್ತು. ಒಂದು ದಿನ ನೆರಳಲ್ಲಿ ಕೂತು ನೋಡಿ ಎದ್ದು ಹೋಗಿದ್ದರು. ಗುಟ್ಟು ಬಯಲಾಗುವ ಭಯವಿದ್ದದ್ದು ಪೆಟ್ರೋಲಿನಿಂದ. ಮೈಲು ಕಡಿಮೆಯಾಯಿತೆಂದು ಮಾವ ಕಂಗಾಲಾಗಿ ಎರಡು ಸಲ ಗಾಡಿಯನ್ನು ಮಿಸ್ತ್ರಿಯ ಹತ್ತಿರ ಒಯ್ದರು. ಮಿಸ್ತ್ರಿಗೆ ನಮ್ಮ ಮನೆಯವರು ಮೊದಲೇ ಹೇಳಿಟ್ಟಿದ್ದರು. ಅವರು ಎರಡೂ ಸಲ ಗಂಭೀರವಾಗಿ ಕಾರ್ಬೊರೇಟರ್ ಬಿಚ್ಚಿ ತೊಳೆದು ಕೊಟ್ಟರು. ಮುಂದಿನ ಪರೀಕ್ಷೆಗೆ ಮೊದಲು ಲೈಸೆನ್ಸೂ ಕೈಗೆ ಬಂತು. ಅದನ್ನು ಬೀರುವಿನಲ್ಲಿ ಇಳಕಲ್ಲ ಸೀರೆಯ ಮಡಿಕೆಯೊಳಗೆ ಇಟ್ಟೆ.

ಇಟ್ಟೆನೇ ಹೊರತು ತೆಗೆಯುವ ಧೈರ್ಯ ಬರಲಿಲ್ಲ. ಮರುವರ್ಷದ ಮೊದಲ ಪೇಪರಿಗೂ ಮಾವನೇ ನಡೆಸಿದರು, ನಾನೇ ಇಳಿದು ನಡೆದೆ. ಒಂದು ತಾಸು ಮೊದಲೇ ಹೊರಟದ್ದರಿಂದ ಹೇಗೋ ಮುಟ್ಟಿದೆ.

ಎರಡನೆಯ ಪೇಪರಿನ ದಿನ ಬೆಳಿಗ್ಗೆ ಎಂಟಕ್ಕೆ ಮಾವ ಗಾಡಿಯ ಮುಂದೆ ನಿಂತು ಇಂಜಿನ್ ಚಾಲೂ ಮಾಡಲು ಹ್ಯಾಂಡಲ್ ತಿರುವುತ್ತಿದ್ದರು. ಅದು ಹಿಂದಕ್ಕೆ ಒದೆಯಿತು. ಮಾವ ಮಣಿಕಟ್ಟು ಹಿಡಿದುಕೊಂಡು ಅಲ್ಲೇ ಕುಸಿದರು. ಮಗ್ಗುಲಮನೆಯ ಡಾಕ್ಟರು ಬಂದು ಪಟ್ಟಿ ಸುತ್ತಿ ಕೈಯನ್ನು ಕೊರಳಿಗೆ ಜೋತು ಹಾಕಿದಾಗ ಒಂಬತ್ತು ಹೊಡೆದಿತ್ತು. ಪರೀಕ್ಷೆ ಹನ್ನೊಂದಕ್ಕೆ. ನಮ್ಮ ಮನೆಯವರು ವ್ಯಾಪಾರಕ್ಕೆಂದು ಮುಂಬಯಿಗೆ ಹೋಗಿದ್ದರು.

“ಬಾಡಗಿ ಗಾಡಿ ತರಸ್ತೇನಿ” ಅಂದರು ಮಾವ. ಅದನ್ನು ಹುಡುಕಿ ತರುವುದು ಯಾವಾಗ, ಮುಟ್ಟುವುದು ಯಾವಾಗ? ನಾನು ಬೀರುವಿನಿಂದ ಲೈಸೆನ್ಸು ತಂದು ಅವರ ಮುಂದೆ ಹಿಡಿದೆ.

“ಮಾವಾರ, ನಾ ನಡಸ್ತೇನ್ರಿ.”

ಮಾವ ಅದನ್ನು ಹಿಂದೆ ಮುಂದೆ ತಿರುವಿ ನೋಡಿದರು. ಅತ್ತೆ ಒಳಗಿನಿಂದಲೇ, “ಆಕಿಗೆ ಬರತೈತ್ರಿ. ನಾ ನೋಡೇನಿ” ಅಂದರು. ಮಾವ ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದರು. ಹೋದ ವರ್ಷ ಮೈಲು ಕಡಿಮೆಯಾದದ್ದು ಯಾಕೆಂದು ಅವರಿಗೆ ಆ ಕ್ಷಣ ಹೊಳೆದಿರಬೇಕು.

“ಕಾಲು ಹಗರ ಇಡು” ಅಂದರು. “ಸುಮ್ಮ ಪೆಟ್ರೋಲ್ ಕುಡಿಸಬ್ಯಾಡ.”

ಅಂಗಡಿಯ ಹಮಾಲ ಹ್ಯಾಂಡಲ್ ತಿರುವಿದ. ಮಾವ ನನ್ನ ಪಕ್ಕದಲ್ಲಿ, ಅತ್ತೆ ಹಿಂದೆ. ಕೈ ನೋಯುತ್ತಿದ್ದರೂ ಜೊತೆಗೆ ಬರುವುದನ್ನು ಅವರು ಬಿಡಲಿಲ್ಲ. ಶೇಂಗಾ ಚೀಲವೂ ಇತ್ತು. ಉಣಕಲ್ಲಿನಲ್ಲಿ ಜನ ನಿಂತು ನೋಡಿದರು. ಮಾವ ನೇರ ಮುಂದಕ್ಕೆ ನೋಡುತ್ತ ಕೂತಿದ್ದರು.

ನವಲೂರ ಏರಿನ ಬುಡ ಬಂತು. ರೂಢಿಯಂತೆ ಗಾಡಿ ನಿಲ್ಲಿಸಿದೆ. ಮಾವ ಹಿಂದಕ್ಕೆ ತಿರುಗಿ ಅತ್ತೆಯ ಮೊಣಕಾಲು ನೋಡಿದರು. ಕೆಳಗೆ ಚೀಲ ನೋಡಿದರು, ಒಂದು ಕೈಯಿಂದ ಅದನ್ನು ಎಳೆಯಲು ಆಗುತ್ತಿರಲಿಲ್ಲ. ನಾನು ಸ್ಟೇರಿಂಗ್ ಬಿಡದೆ ಕೂತೆ. ಅತ್ತೆ ಬಾಗಿಲಿಗೆ ಕೈ ಹಾಕಿದರು.

“ನೀ ಕುಂಡ್ರು” ಎಂದು ಮಾವ ಇಳಿದರು.

ನಾನು ಓಟ ತೆಗೆದುಕೊಂಡು ಏರಿ, ಮೇಲೆ ಹೋಗಿ ನಿಂತೆ. ಕನ್ನಡಿಯಲ್ಲಿ ಅವರು ಬರುತ್ತಿದ್ದುದು ಕಾಣಿಸಿತು. ರುಮಾಲು, ಕರಿ ಕೋಟು, ಕೊರಳಿಗೆ ಜೋತುಬಿದ್ದ ಕೈ. ಪೇರಲ ಹಣ್ಣಿನ ಹೆಂಗಸರು ಏನೋ ಕೇಳಿದರು. ಮಾವ ಅವರ ಕಡೆ ನೋಡದೆ ನಡೆದರು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ನನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಆಗಲಿಲ್ಲ. ಸಂಕಟವಾಯಿತು.

ಅವರು ಬಂದು ಕೂತಾಗ ಅತ್ತೆ ಹಿಂದಿನಿಂದ, “ಹುಡುಗಿ ಇದಕ್ಕಿಂತ ಲಗೂ ಬರ್ತಿದ್ಳು” ಅಂದರು. ಮಾವ ಕೋಟಿನ ತೋಳಿನಿಂದ ಬೆವರು ಒರೆಸಿಕೊಂಡರು.

ಮುಂದಿನ ಪೇಪರಿನ ಬೆಳಿಗ್ಗೆ ನಾನು ತಯಾರಾಗಿ ಹೊರಗೆ ಬಂದೆ. ಮಾವ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಕೋಟಿಲ್ಲ, ರುಮಾಲಿಲ್ಲ. ಶೇಂಗಾ ಚೀಲವನ್ನು ಹಮಾಲ ಇಳಿಸಿ ಗೋಡೆಗೆ ಆನಿಸಿದ್ದ. ನನ್ನನ್ನು ಬಿಡುವುದಿಲ್ಲವೇನೋ ಎನಿಸಿತು.

“ನಾ ಬರಂಗಿಲ್ಲ” ಅಂದರು. “ನಿಮ್ಮತ್ತಿನೂ ಬರಂಗಿಲ್ಲ.”

“ಯಾಕ್ರಿ ಮಾವಾರ?”

“ಮೂರು ಮಂದಿ ಕುಂತ್ರ ಗಾಡಿ ಭಾಳ ಪೆಟ್ರೋಲ್ ಕುಡೀತೈತಿ” ಅಂದರು, ನನ್ನ ಮುಖ ನೋಡದೆ. “ಪರೀಕ್ಷಾ ಬರ್ಯಾಕಿ ಒಬ್ಬಾಕಿ, ಹೋಗೂದು ಮೂರು ಮಂದಿ. ಅದ್ಯಾವ ಲೆಕ್ಕ? ನೀ ಒಬ್ಬಾಕಿನ ಹೋಗಿ ಬಾ.”

ಅತ್ತೆ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ನಾನು ಮಾವನ ಕಾಲಿಗೆ ನಮಸ್ಕಾರ ಮಾಡಿ ಗಾಡಿ ಹತ್ತಿದೆ.

ಅಷ್ಟು ದೊಡ್ಡ ಗಾಡಿಯಲ್ಲಿ ನಾನೊಬ್ಬಳೇ. ನವಲೂರ ಏರಿನ ಬುಡದಲ್ಲಿ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಇಳಿಸಲು ಯಾರೂ ಇಲ್ಲವೆಂದು ನೆನಪಾಗಿ ತೆಗೆದುಬಿಟ್ಟೆ. ಗೇರು ಬದಲಿಸಿದೆ. ಇಂಜಿನ್ ಗೊರಗೊರ ಅಂದಿತು, ಆದರೆ ನಿಲ್ಲಲಿಲ್ಲ. ಪೇರಲ ಹಣ್ಣಿನ ಹೆಂಗಸರಲ್ಲಿ ಒಬ್ಬಾಕೆ ಎದ್ದು ನಿಂತು ಕೈ ಎತ್ತಿದಳು. ನನಗೆ ಕಣ್ಣು ಮಂಜಾಗಿ ಆಕೆಯ ಮುಖ ಸರಿಯಾಗಿ ಕಾಣಿಸಲಿಲ್ಲ. ಮೇಲೆ ಹೋಗಿ ಯಾರಿಗೂ ಕಾಯಬೇಕಾಗಿರಲಿಲ್ಲ. ಕಾಲೇಜು ಮುಟ್ಟಿದಾಗ ಪರೀಕ್ಷೆಗೆ ಇನ್ನೂ ಮುಕ್ಕಾಲು ತಾಸು ಇತ್ತು.